ಬಾಡಿಗೆ ಕೊಟ್ಟ ಅರ್ತು

ನಾನು ಒಂದು ಬಸ್ಸು ಎಂದು ಹೇಳಿಕೊಳ್ಳಲು ಈಗ ನನ್ನ ಹತ್ತಿರ ಸಾಕ್ಷಿ ಕಡಿಮೆ. ಚಕ್ರಗಳು ಹೋಗಿವೆ, ಗಾಜುಗಳು ಹೋಗಿವೆ, ಮುಂದಿನ ಬೋರ್ಡು ಯಾರದೋ ಕೋಳಿಗೂಡಿಗೆ ಬಾಗಿಲಾಗಿದೆ. ಆದರೂ ನಾನು ಬಸ್ಸೇ. ನಂಬುವುದಾದರೆ ಕೇಳಿ. ಇಲ್ಲವಾದರೆ ಪಕ್ಕದಲ್ಲಿ ಬಿದ್ದಿರುವ ಆಟೋವನ್ನು ಕೇಳಿ, ಅದಕ್ಕೆ ನನಗಿಂತ ಬಾಯಿ ಜಾಸ್ತಿ.

ನಮ್ಮಂಥವರಿಗೆ ಹುಟ್ಟು ಎರಡು. ಮೊದಲನೆಯದರಲ್ಲಿ ನಾನು ಬರೀ ಚಾಸಿ. ಒಂದು ಎಂಜಿನ್ನು, ಚಕ್ರಗಳು, ಒಂದು ಸ್ಟೇರಿಂಗು, ಅಷ್ಟೇ. ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರೊಬ್ಬ ಬಯಲಲ್ಲೇ ಕುಳಿತು, ಗಾಳಿ ಧೂಳು ನುಂಗುತ್ತ, ನನ್ನನ್ನು ಕಾರ್ಖಾನೆಯಿಂದ ಶೆಡ್ಡಿಗೆ ಓಡಿಸಿಕೊಂಡು ಬಂದ. ದಾರಿಯುದ್ದಕ್ಕೂ ಬಟ್ಟೆಯಿಲ್ಲದೆ ಊರಲ್ಲಿ ನಡೆದಷ್ಟು ನಾಚಿಕೆಯಾಯಿತು ನನಗೆ. ಶೆಡ್ಡಿನಲ್ಲಿ ತಗಡು ಬಡಿದು, ರಿವೆಟ್ಟು ಹೊಡೆದು, ಸೀಟು ಜೋಡಿಸಿ ನನ್ನನ್ನು ಬಸ್ಸು ಮಾಡಿದರು. ಅದು ಎರಡನೇ ಹುಟ್ಟು. ನಮ್ಮ ಲೋಕದಲ್ಲಿ ಮೈ, ದೇಹ, ಶರೀರ ಎಂದು ಯಾರೂ ಅನ್ನುವುದಿಲ್ಲ. ಬಾಡಿ ಅನ್ನುತ್ತಾರೆ. ಬಾಡಿ ಕಟ್ಟಿದರು, ಬಾಡಿಗೆ ಬಣ್ಣ ಹೊಡೆದರು, ಬಾಡಿಗೆ ನಂಬರು ಬರೆದರು. ಈ ‘ಬಾಡಿಗೆ’ ಎಂಬ ಒಂದು ಮಾತು ಮುಂದೆ ಏನು ಮಾಡಿತು ಎಂದು ಹೇಳುವುದಕ್ಕೇ ನಾನು ಇಷ್ಟೆಲ್ಲ ಶುರುಮಾಡಿರುವುದು.

ನನ್ನ ಪ್ರಾಯವೆಲ್ಲ ಶಿರಾ ಮತ್ತು ಹಿರಿಯೂರಿನ ನಡುವೆ ಕಳೆಯಿತು. ನನ್ನೊಳಗೆ ಕುರಿಮರಿ ಹತ್ತಿದವು, ಕಡಲೆಕಾಯಿ ಮೂಟೆ ಹತ್ತಿದವು, ಮದುವೆ ದಿಬ್ಬಣ ಹತ್ತಿತು. ಕಂಡಕ್ಟರು ನನ್ನ ಪಕ್ಕೆಗೆ ಪಟಪಟ ಬಡಿದು ‘ರೈಟ್’ ಅನ್ನುತ್ತಿದ್ದ. ಜನ ಕೆಸರು ಮೆತ್ತಿದ ಚಪ್ಪಲಿಯಲ್ಲೇ ಹತ್ತುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ. ಒಬ್ಬ ಅಜ್ಜಿ ಮಾತ್ರ ಮೊದಲ ಸಲ ಬಸ್ಸು ಕಂಡವಳು, ಚಪ್ಪಲಿ ಕೆಳಗೆ ಬಿಟ್ಟು ಹತ್ತಿದ್ದಳು. ಮುಂದಿನ ಸ್ಟಾಪಿನಲ್ಲಿ ನೆನಪಾಗಿ ಗೋಳಾಡಿದಳು. ಒಳಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆ ಕಾಲದಲ್ಲಿ ನನ್ನೊಳಗೆ ಕರೆಂಟು ಇರಲಿಲ್ಲವೆಂದಲ್ಲ. ಬ್ಯಾಟರಿಯ ಕರೆಂಟು ಇತ್ತು. ಅದು ಸಾಧು. ಬ್ಯಾಟರಿಯಿಂದ ಹೊರಟು, ಲೈಟು ಉರಿಸಿ, ಹಾರ್ನು ಕೂಗಿಸಿ, ನನ್ನ ಬಾಡಿಯ ಮೂಲಕವೇ ವಾಪಸ್ಸು ಬಂದು ಬ್ಯಾಟರಿ ಸೇರುತ್ತಿತ್ತು. ಅದು ನನ್ನ ಮೈಯಲ್ಲಿ ಓಡಾಡುತ್ತಿದೆ ಎಂದು ಮುಟ್ಟಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಕರೆಂಟೆಂದರೆ ಇಷ್ಟೇ ಎಂದುಕೊಂಡಿದ್ದೆ ನಾನು.

ಓಡುವಷ್ಟು ಓಡಿದ ಮೇಲೆ ಎಲ್ಲ ಬಸ್ಸುಗಳ ಹಾಗೆ ನನ್ನದೂ ಹರಾಜಾಯಿತು. ಕೊಂಡವರು ಚಿತ್ತಣ್ಣ ಮತ್ತು ಅವನ ಹೆಂಡತಿ ಸಾಕಮ್ಮ. ಹೆದ್ದಾರಿ ಪಕ್ಕದಲ್ಲಿ ಅವರದೊಂದು ಗರಿ ಹೊದಿಸಿದ ಹೋಟೆಲಿತ್ತು. ರಸ್ತೆ ಅಗಲ ಮಾಡುವವರು ಬಂದು ಒಮ್ಮೆ ಎಬ್ಬಿಸಿದರು. ಹಿಂದೆ ಸರಿದು ಮತ್ತೆ ಕಟ್ಟಿಕೊಂಡರೆ ಸರ್ವಿಸ್ ರಸ್ತೆಯವರು ಬಂದು ಮತ್ತೆ ಎಬ್ಬಿಸಿದರು. ಚಿತ್ತಣ್ಣ ಮಾತು ಕಡಿಮೆಯ ಮನುಷ್ಯ, ತಲೆ ಮೇಲೆ ಕೈ ಹೊತ್ತು ಕೂತ. ಸಾಕಮ್ಮ ಕೂರುವವಳಲ್ಲ.

“ಚಕ್ರ ಇರೋ ಹೋಟ್ಲು ಮಾಡನ. ಎಬ್ಸಿದ್ರೆ ಎದ್ದು ಹೋಗನ,” ಅಂದಳು.

ಹಾಗೆ ನಾನು ಹೋಟೆಲಾದೆ. ಸೀಟು ಕಿತ್ತರು. ಹಿಂದೆ ಅಡುಗೆಗೆ ಕಟ್ಟೆ, ನಡುವೆ ಕಿಟಕಿ ಕೊಯ್ದು ತಟ್ಟೆ ಕೊಡಲು ಹಲಗೆ, ಡ್ರೈವರ್ ಸೀಟಿನ ಹಿಂದೆ ಅವರಿಬ್ಬರಿಗೆ ಮಲಗಲು ಮಂಚ, ಮಂಚದ ತಲೆಯ ಕಡೆ ದೇವರ ಗೂಡು. ಶಿರಾ ಕಡೆ ಹೊಸ ರೈಲು ದಾರಿಯ ಕೆಲಸ ನಡೆದಿತ್ತು. ಅಲ್ಲಿ ಕರೆಕಲ್ಲು ಗೇಟು ಎಂಬ ಕಡೆ, ಒಂದು ತೋಟದ ಅಂಚಿನಲ್ಲಿ ನನ್ನನ್ನು ನಿಲ್ಲಿಸಿದರು. ಕೆಲಸದವರು ಹೊರಗೆ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರು. ಒಳಗೆ ಯಾರಿಗೂ ಪ್ರವೇಶವಿಲ್ಲ.

ಒಳಗೆ ದೇವರಿದ್ದ, ಒಲೆಯಿತ್ತು. ಅಂದ ಮೇಲೆ ಅದು ಮನೆಯೇ ತಾನೇ? ಸಾಕಮ್ಮ ಮೊದಲ ದಿನವೇ ಚಪ್ಪಲಿಯನ್ನು ಕೆಳಗೆ ಬಿಟ್ಟು ಹತ್ತಿದಳು. ಚಿತ್ತಣ್ಣನೂ ಬಿಟ್ಟ. ಬೆಳಿಗ್ಗೆ ಎದ್ದವಳೇ ಇಳಿದು ನನ್ನ ಬಾಗಿಲ ಮುಂದೆ ನೀರು ಚಿಮುಕಿಸಿ, ರಂಗೋಲಿ ಎಳೆದು, ಮತ್ತೆ ಹತ್ತುವ ಮುಂಚೆ ಬಾಗಿ ಫುಟ್‌ಬೋರ್ಡ್ ಮುಟ್ಟಿ ಎರಡೂ ಕೈ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಎಷ್ಟೋ ಕೈಗಳು ನನ್ನನ್ನು ಹಿಡಿದಿದ್ದವು, ಜೋತು ಬಿದ್ದಿದ್ದವು, ಬಡಿದಿದ್ದವು. ಮುಟ್ಟಿ ಕಣ್ಣಿಗೆ ಒತ್ತಿಕೊಂಡವಳು ಇವಳೊಬ್ಬಳೇ. ನನಗೆ ಅವಳೆಂದರೆ ಪ್ರಾಣ. ಮುಚ್ಚಿಡುವುದೇನಿದೆ, ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಕಷ್ಟ ಶುರುವಾದದ್ದು ಒಡವೆಗಳಿಂದ. ಒಡವೆ ಎಂದರೆ ಈ ಎಲೆಕ್ಟ್ರಿಕ್ ಸಾಮಾನುಗಳು. ಮೊದಲು ಎರಡು ಲೈಟು ಬಂತು, ಸರಿ. ಆಮೇಲೆ ಫ್ಯಾನು. ಆಮೇಲೆ ಕೆಲಸದವರ ಮೊಬೈಲ್ ಚಾರ್ಜಿಗೆ ಸಾಲಾಗಿ ಪ್ಲಗ್ಗು, ದೇವರ ಮುಂದೆ ಆರದ ಕೆಂಪು ದೀಪ, ‘ಸಾಕಮ್ಮ ಟಿಫನ್ಸ್’ ಎಂದು ಓಡುವ ಅಕ್ಷರದ ಬೋರ್ಡು, ಹಾಡು ಹಾಕುವ ಡಬ್ಬಿ, ಮೈ ತುಂಬ ಮಿಣುಕುವ ಸೀರಿಯಲ್ ಸೆಟ್ಟು. ಎಲ್ಲಕ್ಕೂ ನನ್ನ ಬ್ಯಾಟರಿಯೇ ಗತಿ. ಎಷ್ಟು ದಿನ ತಾಳೀತು ಅದು? ಒಂದು ಬೆಳಿಗ್ಗೆ ನಾನು ಕಿಕ್ ಅಂತಲೂ ಅನ್ನಲಿಲ್ಲ. ಇಷ್ಟಾದ ಮೇಲೂ ಸಾಕಮ್ಮನಿಗೆ ಫ್ರಿಜ್ಜು ಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಗ್ರೈಂಡರು ಬೇಕಿತ್ತು. ಇಡ್ಲಿ ಹಿಟ್ಟು ರುಬ್ಬಿ ರುಬ್ಬಿ ಅವಳ ರಟ್ಟೆ ಬಿದ್ದುಹೋಗಿತ್ತು. ಅದು ಅವಳ ದುರಾಸೆ ಎಂದು ನಾನು ಅನ್ನಲಾರೆ.

ಆಗ ಬಂದವನು ಶಿರಾದ ಭೂಷಣ. ಮನೆಗಳಿಗೆ ವೈರಿಂಗ್ ಮಾಡುವವನು, ಕೆಲಸದಲ್ಲಿ ಮೋಸವಿಲ್ಲ. ಅದರ ಜೊತೆಗೆ ಅವನ ಅಂಗಡಿಯಲ್ಲಿ ಮದುವೆ ಮುಂಜಿಗೆ ಜನರೇಟರು, ಮೈಕು, ಲೈಟಿನ ತೋರಣ ಎಲ್ಲವೂ ಬಾಡಿಗೆಗೆ ಸಿಗುತ್ತಿತ್ತು. ನನ್ನನ್ನು ತಳ್ಳಿಸಿ ಸ್ಟಾರ್ಟ್ ಮಾಡಿ, ತನ್ನ ಅಂಗಡಿ ಮುಂದೆ ತಂದು ನಿಲ್ಲಿಸಿ ಒಳಗೆಲ್ಲ ವೈರಿನ ಪೈಪು ಹೊಡೆದ, ಫ್ರಿಜ್ಜು ಕೂರಿಸಿದ, ಗ್ರೈಂಡರು ಕೂರಿಸಿದ. ಪ್ರತಿ ಸಾಮಾನಿನಿಂದ ಒಂದೊಂದು ಹಸಿರು ವೈರು ಎಳೆದು, ಎಲ್ಲವನ್ನೂ ಒಟ್ಟು ಮಾಡಿ ನನ್ನ ತಗಡಿಗೆ ಬೋಲ್ಟು ಹಾಕಿ ಬಿಗಿದ. ಅರ್ತು ಕಣಣ್ಣ, ಇದಿಲ್ದಿದ್ರೆ ಕರೆಂಟು ಹೊಡೆಯುತ್ತೆ ಎಂದು ಚಿತ್ತಣ್ಣನಿಗೆ ಹೇಳಿದ. ಓದಿದವರು ಅರ್ತಿಂಗ್ ಅನ್ನುವುದು ಇದನ್ನೇ. ಬೋಲ್ಟಿನಿಂದ ಕೆಳಗೆ ಒಂದು ಉದ್ದ ವೈರು ಇಳಿಬಿಟ್ಟು ಸುರುಳಿ ಸುತ್ತಿ ಕಟ್ಟಿದ. ನಿಂತ ಊರಲ್ಲಿ ಒಂದು ಕಬ್ಬಿಣದ ಗೂಟ ಹೊಡೆದು ಅದಕ್ಕೆ ಕಟ್ಟಬೇಕು, ತಾನೇ ಬಂದು ಕಟ್ಟುತ್ತೇನೆ ಎಂಬುದು ಅವನ ಮನಸ್ಸಿನಲ್ಲಿತ್ತು. ಹೇಳುವಷ್ಟರಲ್ಲಿ ಯಾವುದೋ ಗೃಹಪ್ರವೇಶದವರು ಬಂದು ಅವನನ್ನು ಎಳೆದುಕೊಂಡು ಹೋದರು.

ನಾವು ಕರೆಕಲ್ಲು ಗೇಟಿಗೆ ವಾಪಸ್ಸಾದೆವು. ತೋಟದ ಪಂಪ್ ಮನೆಯಿಂದ ಎರಡೆಳೆಯ ವೈರು ಎಳೆದು ನನಗೆ ಸಿಕ್ಕಿಸಿದರು. ಮನೆ ಕರೆಂಟು ಎಂಥದು ಎಂದು ನನಗೆ ಆಗ ತಿಳಿಯಿತು. ಅದು ಬ್ಯಾಟರಿಯ ಹಾಗೆ ಸಾಧುವಲ್ಲ. ಅದಕ್ಕೆ ಮಣ್ಣಿನ ಹಂಬಲ. ಎಲ್ಲಿ ಸಣ್ಣ ದಾರಿ ಸಿಕ್ಕರೂ ಸರಿ, ನೆಲಕ್ಕೆ ಇಳಿಯಬೇಕು. ನೆಲ ಮುಟ್ಟಿಸಿಬಿಟ್ಟರೆ ತನ್ನ ಪಾಡಿಗೆ ತಾನು ಹೋಗುತ್ತದೆ. ಆದರೆ ನಾನು ಹುಟ್ಟಿದಾಗಿನಿಂದ ನೆಲ ಮುಟ್ಟಿದವನಲ್ಲ. ನನ್ನ ಕಾಲಿಗೆ ಇದ್ದದ್ದು ರಬ್ಬರು. ಆ ಉದ್ದ ವೈರು ನನ್ನ ಹೊಟ್ಟೆಯ ಕೆಳಗೆ ಸುರುಳಿಯಾಗಿ ತೂಗುತ್ತಲೇ ಇತ್ತು.

ಸಾಕಮ್ಮ ಸೂಕ್ಷ್ಮದವಳು, ಅವಳ ಕಣ್ಣಿಗೆ ಅದು ಬಿತ್ತು. ಭೂಷಣನಿಗೆ ಫೋನು ಮಾಡಿದಳು. ನನ್ನ ಕಿಟಕಿಗೆ ಒರಗಿಕೊಂಡೇ ಮಾತಾಡಿದಳು, ಹಾಗಾಗಿ ಎರಡೂ ಕಡೆಯ ಮಾತು ನನಗೆ ಕೇಳಿಸಿತು.

“ಭೂಷಣ, ಅದೇನೋ ಅರ್ತು ಅಂತಿದ್ಯಲ್ಲಪ್ಪ, ಕೆಳಗೆ ವೈರು ಒಂದು ನೇತಾಡ್ತಾ ಐತೆ, ತುದೀಲಿ ಏನೂ ಇಲ್ಲ. ಎಲ್ಲಿ ಅರ್ತು?”

“ಬಾಡಿಗೆ ಕೊಟ್ಟಿದೀನಿ ಕಣಕ್ಕ. ಅಲ್ಲಿಗೆ ಬಂದಾಗ ನೆಲಕ್ಕೆ...” ಎಂದ ಭೂಷಣ. ಅಷ್ಟರಲ್ಲಿ ಅವನ ಹಿಂದೆ ಓಲಗ ಜೋರಾಯಿತು, ಫೋನು ಕಟ್ಟಾಯಿತು.

ಅವನು ಹೇಳಿದ್ದು ಬಸ್ಸಿನ ಬಾಡಿಗೆ, ನನಗೆ. ಅವಳಿಗೆ ಕೇಳಿಸಿದ್ದು ಅಂಗಡಿಯವರು ದಿನಾ ಹೇಳುವ ಬಾಡಿಗೆ. ಅರ್ತು ಎಂದರೆ ಏನೋ ಒಂದು ಪೆಟ್ಟಿಗೆ, ನಮ್ಮ ಬಸ್ಸಿಗೆಂದು ತಂದದ್ದನ್ನು ಯಾರದೋ ಮದುವೆ ಮನೆಗೆ ಕೊಟ್ಟುಬಿಟ್ಟಿದ್ದಾನೆ ಎಂದು ತಿಳಿದಳು. ಮೂಗಿನ ತುದಿಯಲ್ಲೇ ಕೋಪ ಅವಳಿಗೆ. ನಮ್ಮದನ್ನು ಬಾಡಿಗೆ ಕೊಟ್ಟು ನಮಗೇ ರಾಜಾರೋಷವಾಗಿ ಹೇಳ್ತಾನಲ್ಲ ಎಂದು ಗಂಡನ ಮುಂದೆ ಹಾರಾಡಿದಳು. ಇನ್ನೊಂದು ಸಲ ಕೇಳಿ ನೋಡು ಎಂದ ಚಿತ್ತಣ್ಣ.

“ನಾನ್ಯಾಕೆ ಕೇಳ್ಲಿ? ಮದ್ವೆ ಕಾಲ ಮುಗೀಲಿ. ಮಾನ ಮರ್ಯಾದೆ ಇದ್ರೆ ಅವನೇ ತಂದಾಕ್ತಾನೆ.”

ಭೂಷಣನಾದರೋ, ಅಕ್ಕ ಕರೆದಾಗ ಹೋಗಿ ಗೂಟ ಹೊಡೆದು ಬರೋಣ ಎಂದುಕೊಂಡು ಸುಮ್ಮನಾದ. ಒಬ್ಬರು ಕಾಯುತ್ತಿದ್ದಾರೆ ಎಂದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೆ. ನನಗೆ ಹಾರ್ನಿತ್ತು, ಆದರೆ ಅದನ್ನು ಒತ್ತುವ ಬೆರಳು ನನ್ನದಾಗಿರಲಿಲ್ಲ.

ಸ್ವಲ್ಪ ದಿನಕ್ಕೆ ಗ್ರೈಂಡರಿನೊಳಗೆ ನೀರು ಇಳಿಯತೊಡಗಿತು. ಸಾಕಮ್ಮ ಅದನ್ನು ಪಾತ್ರೆ ತೊಳೆದ ಹಾಗೆ ಸುರಿದು ತೊಳೆಯುತ್ತಿದ್ದಳು. ಮೋಟಾರಿನ ತಂತಿಯ ಸುತ್ತು ನೆನೆದು ಕರೆಂಟು ಹೊರಗೆ ಜಿನುಗಿತು. ಜಿನುಗಿದ್ದು ಹಸಿರು ವೈರು ಹಿಡಿದು ನೇರ ನನ್ನ ಮೈಗೆ ಬಂತು. ಅಲ್ಲಿಂದ ಮುಂದೆ ಹೋಗಲು ದಾರಿಯಿಲ್ಲ. ತಗಡು, ಕಂಬಿ, ಬಾಗಿಲು, ಫುಟ್‌ಬೋರ್ಡು, ಎಲ್ಲೆಲ್ಲೂ ನಿಂತುಕೊಂಡು ಕಾಯತೊಡಗಿತು. ಗ್ರೈಂಡರು ತಿರುಗುವಷ್ಟು ಹೊತ್ತು ನಾನು ನಾನಾಗಿರುತ್ತಿರಲಿಲ್ಲ.

ಜನಕ್ಕೆ ಇದು ಮೊದಲು ತಮಾಷೆಯಾಯಿತು. ಬೇಸಿಗೆ, ನೆಲ ಹಂಚಿನ ಹಾಗೆ ಒಣಗಿತ್ತು, ಎಲ್ಲರ ಕಾಲಲ್ಲೂ ಚಪ್ಪಲಿ. ನನಗೆ ಒರಗಿದವರಿಗೆ ಜುಮ್ ಅಂದರೆ ಅಷ್ಟೇ. ಸಾಕಮ್ಮನ ಸಾರಿನ ಖಾರ ತಗಡಿಗೂ ಹತ್ತೈತೆ ಎಂದು ಒಬ್ಬ ನಗಿಸಿದ. ಕುರಿ ಕಾಯುವ ಮುದುಕಪ್ಪನಿಗೆ ಮಂಡಿನೋವು. ಅವನು ದಿನಾ ಬಂದು ನನ್ನ ಕಂಬಿಯನ್ನು ಎರಡು ಬೆರಳಲ್ಲಿ ಮುಟ್ಟಿ, ನರ ಸಡಿಲಾಯ್ತು ಅಂದುಕೊಂಡು ಟೀ ಕುಡಿದು ಹೋಗುತ್ತಿದ್ದ. ಅವನನ್ನು ನೋಡಿ ಇನ್ನಿಬ್ಬರು ಬರತೊಡಗಿದರು. ಊರಿಗೆ ಔಷಧಿಯಾದೆ ನಾನು! ಚಿತ್ತಣ್ಣನಿಗೆ ಮಾತ್ರ ಯಾಕೋ ಸರಿಬರಲಿಲ್ಲ. ಅವನು ಹೇಳಿದರೆ ಸಾಕಮ್ಮ, ಗ್ರೈಂಡರು ಅಂದ್ರೆ ಜುಮ್ ಅನ್ನೋದೇ, ನಮ್ಮಮ್ಮನ ಮನೇದೂ ಹಂಗೇ, ಚಪ್ಪಲಿ ಹಾಕ್ಕೊಂಡ್ರೆ ಆಯ್ತು ಅಂದಳು. ಚಪ್ಪಲಿ ಹಾಕಿಕೊಂಡು ಹತ್ತು ಎಂದ ಅವನು. ದೇವರಿರೋ ಮನೆಗೆ ಚಪ್ಪಲಿ ಹಾಕ್ಕೊಂಡು ಹತ್ತಲಾ ಎಂದು ಅವಳು ದುರುಗುಟ್ಟಿ ನೋಡಿದಳು.

ಅವಳು ಉಳಿದಿದ್ದದ್ದು ಅವಳ ಕೆಲಸದ ಕ್ರಮದಿಂದ. ಇದನ್ನು ನಾನೊಬ್ಬನೇ ಬಲ್ಲೆ. ಬೆಳಿಗ್ಗೆ ಬರಿಗಾಲಲ್ಲಿ ಇಳಿಯುವಳು, ನೀರು ಚಿಮುಕಿಸುವಳು, ರಂಗೋಲಿ ಹಾಕುವಳು, ಒದ್ದೆ ನೆಲದ ಮೇಲೆ ನಿಂತು ನನ್ನನ್ನು ಮುಟ್ಟಿ ನಮಸ್ಕರಿಸುವಳು. ಆಗ ಗ್ರೈಂಡರು ಸುಮ್ಮನಿರುತ್ತಿತ್ತು, ಅವಳು ಮುಟ್ಟಿದ್ದು ಬರೀ ನನ್ನನ್ನು. ಒಳಗೆ ಹೋದ ಮೇಲೆಯೇ ಚಟ್ನಿಗೆ ಸ್ವಿಚ್ಚು ಹಾಕುತ್ತಿದ್ದಳು. ಒಳಗಿದ್ದವಳ ಕಾಲು ನೆಲ ಮುಟ್ಟದ್ದರಿಂದ ಕರೆಂಟಿಗೆ ಅವಳಲ್ಲಿ ದಾರಿಯಿರಲಿಲ್ಲ. ಮೊದಲು ರಂಗೋಲಿ, ಆಮೇಲೆ ಗ್ರೈಂಡರು. ಈ ಕ್ರಮ ಒಂದು ದಿನವೂ ತಪ್ಪದಿರಲಿ ಎಂದು ನಾನು ಪ್ರತಿ ಬೆಳಿಗ್ಗೆ ಕಂಡ ಕಂಡ ದೇವರಿಗೆ ಬೇಡುತ್ತಿದ್ದೆ. ಗೂಡಿನಲ್ಲಿದ್ದ ದೇವರೂ ಅದೇ ವೈರಿನ ದೀಪದಲ್ಲಿ ಬೆಳಗುತ್ತಿದ್ದ.

ಮುಂಗಾರಿನ ಮೊದಲ ಮಳೆ ರಾತ್ರಿಯೆಲ್ಲ ಸುರಿಯಿತು. ಬೆಳಿಗ್ಗೆ ಸಾಕಮ್ಮ ರೂಢಿಯಂತೆ ಇಳಿದು ರಂಗೋಲಿ ಹಾಕಿದಳು. ನೀರು ಚಿಮುಕಿಸುವ ಕೆಲಸವೇ ಇರಲಿಲ್ಲ, ಅಂಗಳವೆಲ್ಲ ಕೆಸರು. ನನ್ನನ್ನು ಮುಟ್ಟಿದಳು, ಕಣ್ಣಿಗೆ ಒತ್ತಿಕೊಂಡಳು, ಹತ್ತಿದಳು, ಗ್ರೈಂಡರಿಗೆ ಸ್ವಿಚ್ಚು ಹಾಕಿದಳು. ಸದ್ಯ, ಇವತ್ತಿನದು ದಾಟಿತು ಎಂದು ನಾನು ನಿರಾಳವಾದೆ. ಚಿತ್ತಣ್ಣ ಹಾಲಿಗೆ ಹೋಗಿದ್ದ. ಬೆಂಚಿನ ಹತ್ತಿರ ಇಬ್ಬರು ಕೆಲಸದವರು ಬೀಡಿ ಸೇದುತ್ತಿದ್ದರು.

ಅಷ್ಟರಲ್ಲಿ ಮತ್ತೊಂದು ಜಡಿ ಮಳೆ ಬಂದು ನಿಂತಿತು. ಸಾಕಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು. ರಂಗೋಲಿ ಹರಿದುಹೋಗಿತ್ತು. ಬಾಗಿಲು ಬೋಳಾಗಿದ್ದರೆ ಅವಳಿಗೆ ಆಗಿಬರುವುದಿಲ್ಲ. ಥತ್, ಈ ಮಳೆಗೆ ಬುದ್ಧಿ ಇಲ್ಲ ಎಂದುಕೊಂಡು ರಂಗೋಲಿ ಡಬ್ಬಿ ಹಿಡಿದು ಹೊರಟಳು. ಚಟ್ನಿ ಅರ್ಧ ಆಗಿತ್ತು. ಗ್ರೈಂಡರು ತಿರುಗುತ್ತಲೇ ಇತ್ತು.

ಇಳಿಯುವಾಗ ಕೈಯಲ್ಲಿ ಡಬ್ಬಿಯಿತ್ತು, ಕಂಬಿ ಹಿಡಿಯಲಿಲ್ಲ, ಮೆಟ್ಟಿಲಿನಿಂದ ಕೆಸರಿಗೆ ನೆಗೆದಳು. ಕುಕ್ಕರುಗಾಲಲ್ಲಿ ಕೂತು ಎಳೆ ಎಳೆದಳು. ಅಷ್ಟು ಹೊತ್ತೂ ನಾನು ಒಂದನ್ನೇ ಬೇಡುತ್ತಿದ್ದೆ. ಕರೆಂಟು ಹೋಗಲಿ. ನಮ್ಮ ಕಡೆ ಅದೇನು ದೊಡ್ಡ ವರವಲ್ಲ. ದಿನಕ್ಕೆ ಹತ್ತು ಸಲ ಹೋಗುತ್ತದೆ. ಅದು ಹೋದಾಗಲೆಲ್ಲ ಇದೇ ಸಾಕಮ್ಮ ಲೈನ್‌ಮನ್ನನ ಏಳು ತಲೆಮಾರನ್ನು ಜಾಲಾಡುತ್ತಿದ್ದಳು. ಮಳೆ ಬಿದ್ದರಂತೂ ಒಂದು ಹನಿಗೇ ಹೋಗುತ್ತದೆ. ಅವತ್ತು ಅಷ್ಟು ಮಳೆ ಬಂದರೂ ಕರೆಂಟು ಹೋಗಲಿಲ್ಲ.

ರಂಗೋಲಿ ಮುಗಿಸಿ ಎದ್ದಳು. ಹೊಸದಾಗಿ ಹಾಕಿದ ರಂಗೋಲಿ, ಹಾಗಾಗಿ ಹೊಸದಾಗಿ ನಮಸ್ಕಾರ. ಬಾಗಿ, ಎರಡೂ ಅಂಗೈ ನನ್ನ ಮೇಲಿಟ್ಟಳು.

ಕಾದು ನಿಂತಿದ್ದದ್ದೆಲ್ಲ ಅವಳ ಮೂಲಕ ನೆಲಕ್ಕೆ ಇಳಿಯಿತು. ಅವಳು ಕೂಗಲಿಲ್ಲ. ಕೈ ಬಿಡಿಸಿಕೊಳ್ಳಲು ಅವಳಿಂದ ಆಗಲಿಲ್ಲ, ಬಿಡಲು ನನ್ನಿಂದ ಆಗಲಿಲ್ಲ. ಬೆಂಚಿನ ಹತ್ತಿರ ಇದ್ದವರು ಅಕ್ಕ ನಮಸ್ಕಾರ ಮಾಡ್ತಾಳೆ ಎಂದೇ ತಿಳಿದು ಬೀಡಿ ಸೇದುತ್ತ ಕೂತಿದ್ದರು. ದಿನಾ ನೋಡುವ ಕೆಲಸವಲ್ಲವೇ? ನಮಸ್ಕಾರ ಯಾಕೋ ಉದ್ದವಾಯಿತು ಎಂದು ಒಬ್ಬನಿಗೆ ಅನ್ನಿಸುವ ಹೊತ್ತಿಗೆ ಚಿತ್ತಣ್ಣ ಹಾಲಿನ ಕ್ಯಾನು ಹಿಡಿದು ಬಂದ. ಕ್ಯಾನು ಬಿಸಾಡಿ ಓಡಿ ಬಂದು ಅವಳ ಭುಜ ಹಿಡಿದ, ಅವನನ್ನೂ ಕರೆಂಟು ಒದ್ದು ಕೆಡವಿತು. ಕೆಲಸದವನೊಬ್ಬ ಪಂಪ್ ಮನೆಗೆ ಓಡಿ ವೈರು ಕಿತ್ತ. ಗ್ರೈಂಡರು ನಿಂತಿತು. ಸಾಕಮ್ಮ ರಂಗೋಲಿಯ ಮೇಲೆ ಬಿದ್ದಳು.

ಶಿರಾ ಆಸ್ಪತ್ರೆಗೆ ಟಿಪ್ಪರಿನಲ್ಲಿ ಕರೆದುಕೊಂಡು ಹೋದರು. ನಾಲ್ಕು ಊರಿನ ಜನರನ್ನು ಆಸ್ಪತ್ರೆ ಮುಟ್ಟಿಸಿದವನು ನಾನು, ಅವಳನ್ನು ಮುಟ್ಟಿಸುವುದಕ್ಕೆ ನನ್ನಿಂದ ಆಗಲಿಲ್ಲ. ಚಿತ್ತಣ್ಣ ವಾಪಸ್ಸು ಬಂದದ್ದು ಒಬ್ಬನೇ.

ಸಾಕಮ್ಮನ ಕಾರ್ಯವೆಲ್ಲ ಮುಗಿದ ಮೇಲೆ ಭೂಷಣ ಬಂದ. ನನ್ನ ಹೊಟ್ಟೆಯ ಕೆಳಗೆ ತೂರಿ, ಸುರುಳಿ ಸುತ್ತಿದ ಹಾಗೇ ಇದ್ದ ವೈರನ್ನು ನೋಡಿದ. ಹೊರಗೆ ಬಂದು ಕೆಸರಿನಲ್ಲೇ ಕೂತುಬಿಟ್ಟ. ಬೆಂಚಿನ ಮೇಲೆ ಕೂತಿದ್ದ ಚಿತ್ತಣ್ಣ ಅವನನ್ನು ಬೈಯಲಿಲ್ಲ. ಅವನಿಗೆ ಒಂದೇ ವಿಷಯ ಬೇಕಾಗಿತ್ತು.

“ನಮ್ಮ ಅರ್ತು ಯಾರಿಗೆ ಬಾಡಿಗೆ ಕೊಟ್ಟಿದ್ದೆ, ಭೂಷಣ?”

“ಯಾರಿಗೆ ಅಂದ್ರೆ?”

“ಅವಳು ಕೇಳಿದ್ದಕ್ಕೆ ಬಾಡಿಗೆ ಕೊಟ್ಟಿದೀನಿ ಅಂದ್ಯಂತಲ್ಲ. ಯಾವ ಮದ್ವೆ ಮನೆಗೆ?”

ಭೂಷಣನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಮುಖ ನೋಡಲಾಗಲಿಲ್ಲ. ಎದ್ದು ಬಂದು ನನ್ನ ತಗಡಿನ ಮೇಲೆ ಕೈಯಿಟ್ಟ.

“ಯಾರಿಗೂ ಅಲ್ಲ ಕಣಣ್ಣ. ಬಾಡಿಗೆ. ಈ ಬಾಡಿಗೆ.”

ಚಿತ್ತಣ್ಣ ಅವನ ಕೈಯನ್ನು ನೋಡಿದ, ನನ್ನನ್ನು ನೋಡಿದ. ಮದ್ವೆ ಕಾಲ ಮುಗೀಲಿ ಅಂತಿದ್ಲು ಎಂದ. ಅದನ್ನೇ ಇನ್ನೊಂದು ಸಲ ಅಂದ.

ನನ್ನೊಳಗಿನ ವೈರೆಲ್ಲವನ್ನೂ ಭೂಷಣನೇ ಕಿತ್ತ. ಲೈಟು, ಫ್ಯಾನು, ಓಡುವ ಅಕ್ಷರದ ಬೋರ್ಡು, ದೇವರ ದೀಪ, ಒಂದೂ ಬಿಡಲಿಲ್ಲ. ಮುದುಕಪ್ಪ ಕುರಿಗಳನ್ನು ಬೇರೆ ದಾರಿಯಲ್ಲಿ ಹೊಡೆದುಕೊಂಡು ಹೋಗತೊಡಗಿದ. ಊರಿನವರು ನನ್ನನ್ನು ಕರೆಂಟು ಬಸ್ಸು ಎಂದರು. ಚಿತ್ತಣ್ಣ ಅದೇ ತೋಟದಲ್ಲಿ ನೀರು ಕಟ್ಟುವ ಕೆಲಸಕ್ಕೆ ಸೇರಿದ. ರೈಲು ದಾರಿ ಮುಗಿದು ಕೆಲಸದವರು ಮುಂದೆ ಹೋದ ಮೇಲೆ, ನನ್ನನ್ನು ಕ್ರೇನಿನಿಂದ ಎತ್ತಿ ರಸ್ತೆಯಾಚೆಯ ಈ ಗುಜರಿಗೆ ತಂದು ಹಾಕಿದರು. ಚಕ್ರ ಬಿಚ್ಚಿದ ದಿನ ನನ್ನ ಮೈ ಮೊದಲ ಸಲ ಮಣ್ಣಿಗೆ ತಾಗಿತು. ತಣ್ಣಗಿತ್ತು. ಬೇಕಾಗಿದ್ದಾಗ ಸಿಗದೆ, ಯಾವ ಕೆಲಸಕ್ಕೂ ಬಾರದ ಹೊತ್ತಿಗೆ ಸಿಕ್ಕಿತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಲ್ಲಿನ ಕೆಲಸದವರು ತಗಡು ಕತ್ತರಿಸಲು ಆಗಾಗ ನನ್ನೊಳಗೆ ಹತ್ತುತ್ತಾರೆ. ಚಿತ್ತಣ್ಣ ತೋಟಕ್ಕೆ ಹೋಗುವ ದಾರಿ ಇದೇ. ಯಾರಾದರೂ ನನ್ನ ಹತ್ತಿರ ನಿಂತದ್ದು ಕಂಡರೆ ಅವನು ರಸ್ತೆ ದಾಟಿ ಗುಜರಿಯ ಗೇಟಿಗೆ ಬರುತ್ತಾನೆ. ಜನ್ಮದಲ್ಲಿ ದನಿ ಎತ್ತದವನು ಗಟ್ಟಿಯಾಗಿ ಕೂಗುತ್ತಾನೆ.

“ಚಪ್ಪಲಿ ಹಾಕ್ಕೊಂಡು ಹತ್ತ್ರಪ್ಪ.”

ಮೊದಮೊದಲು ಅವರು ನಗುತ್ತಿದ್ದರು. ಆಮೇಲೆ ಯಾರೋ ವಿಷಯ ತಿಳಿಸಿದರು, ನಗು ನಿಂತಿತು. ನಿನ್ನೆ ಹೊಸಬನೊಬ್ಬ ಬರಿಗಾಲಲ್ಲಿ ನನ್ನ ಮೆಟ್ಟಿಲ ಮೇಲೆ ನಿಂತು ಚಿತ್ತಣ್ಣನಿಗೆ ಸಮಾಧಾನ ಹೇಳಿದ.

“ಇದ್ರಲ್ಲಿ ಒಂದು ತುಂಡು ವೈರೂ ಇಲ್ಲ ಯಜಮಾನ್ರೆ. ಬರೀ ಬಾಡಿ.”

“ಗೊತ್ತಪ್ಪ,” ಎಂದ ಚಿತ್ತಣ್ಣ. “ಆದ್ರೂ ಹಾಕ್ಕೊ.”

ಹುಡುಗ ಇಳಿದು ಚಪ್ಪಲಿ ಮೆಟ್ಟಿಕೊಂಡು ಬರುವ ತನಕ ಅವನು ಗೇಟು ಬಿಟ್ಟು ಕದಲಲಿಲ್ಲ.